ಅಳು ನಿಲ್ಲಿಸಿದ ಮಗು: ಶಿಶುಭಾವನೆಗಳ ಅಧ್ಯಯನದ ಒಂದು ಅಧ್ಯಾಯ

ಮಕ್ಕಳ ಭಾವನೆಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸುವ ಪ್ರಯತ್ನಕ್ಕೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಚಾರ್ಲ್ಸ್ ಡಾರ್ವಿನ್ನರು ತಮ್ಮ ಚೊಚ್ಚಲ ಮಗನ ಶೈಶವವನ್ನು ಕುರಿತು ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಆಧರಿಸಿ, ಕೋಪ, ಭಯ, ಪ್ರೀತಿಗಳು ಆ ಮಗುವಿನಲ್ಲಿ ಯಾವ ಯಾವ ಕಾಲಕ್ಕೆ ತಲೆದೋರಿದುವೆಂಬುದನ್ನು 1877ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1882ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪ್ರೇಯರರು ತಮ್ಮ ಮಗನನ್ನು ದಿನದಿನವೂ ಗಮನಿಸಿ ಒಂದು ದೊಡ್ಡ ಗ್ರಂಥವನ್ನೇ ರಚಿಸಿದರು. ಇವರಿಬ್ಬರೂ ಕಂಡದ್ದು ತಾಯಿಯ ಮಗ್ಗುಲಲ್ಲಿದ್ದ ಮಕ್ಕಳನ್ನು. ತಾಯಿಯಿಂದ ಅಗಲಿದ ಮಗುವಿನ ಅಂತರಂಗದಲ್ಲಿ ಏನು ನಡೆಯುತ್ತದೆಂಬ ಪ್ರಶ್ನೆಗೆ ವಿದ್ವತ್ಪ್ರಪಂಚವು ಕಿವಿಗೊಟ್ಟುದು ಬಹಳ ತಡವಾಗಿ. ಆ ಪ್ರಶ್ನೆಯನ್ನು ಎತ್ತಿ ಹಿಡಿದ ಸ್ಥಳಗಳಲ್ಲಿ ಇಂಗ್ಲೆಂಡಿನ ಮಕ್ಕಳ ವಾರ್ಡುಗಳು ಮುಖ್ಯವಾದುವು.

ಎರಡನೆಯ ಮಹಾಯುದ್ಧದ ನಂತರವೂ ಆ ವಾರ್ಡುಗಳ ಕಟ್ಟುಪಾಡು ಕಠಿನವಾಗಿದ್ದಿತು. 1949ರ ಸುಮಾರಿಗೆ ಲಂಡನ್ನಿನ ಕೆಲವು ಆಸ್ಪತ್ರೆಗಳಲ್ಲಿ ತಂದೆತಾಯಿಗಳು ವಾರಕ್ಕೆ ಒಂದೆರಡು ಗಂಟೆ ಮಾತ್ರ ಮಗುವನ್ನು ನೋಡಬಹುದಾಗಿತ್ತು. ಕೆಲವೆಡೆ ಅದಕ್ಕೂ ಅವಕಾಶವಿರಲಿಲ್ಲ. ಈ ನಿಯಮಕ್ಕೆ ಎರಡು ಕಾರಣಗಳಿದ್ದುವು. ಹೊರಗಿನವರಿಂದ ಸೋಂಕು ಹರಡೀತೆಂಬುದು ಒಂದು. ತಾಯಿ ಬಂದು ಹೋದೊಡನೆ ಮಗು ಅತ್ತು ರಂಪ ಮಾಡುತ್ತದೆ, ಬಾರದಿದ್ದರೆ ಕೆಲವೇ ದಿನಗಳಲ್ಲಿ ‘ಹೊಂದಿಕೊಳ್ಳುತ್ತದೆ’ ಎಂಬುದು ಇನ್ನೊಂದು. ವೈದ್ಯರೂ ದಾದಿಯರೂ ಕ್ರೂರಿಗಳಾಗಿರಲಿಲ್ಲ. ಅಳು ನಿಂತುದನ್ನು ಅವರು ನೆಮ್ಮದಿಯೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ಆದರೆ ಲೆಕ್ಕ ತಾಳೆಯಾದ ಮಾತ್ರಕ್ಕೆ ಅದು ಸರಿಯಾದ ಲೆಕ್ಕವೆಂದು ಹೇಳಲಾಗದೆಂಬುದನ್ನು ಲೆಕ್ಕಪತ್ರಗಳೊಡನೆ ಬಾಳುವವರೆಲ್ಲ ಬಲ್ಲರು.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಜೇಮ್ಸ್ ರಾಬರ್ಟ್‌ಸನ್. ಯುದ್ಧಕಾಲದಲ್ಲಿ ಅನ್ನಾ ಫ್ರಾಯ್ಡರ ಶಿಶುವಿಹಾರದಲ್ಲಿ ದುಡಿದಿದ್ದ ಇವರು 1948ರಲ್ಲಿ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಜಾನ್ ಬೌಲ್ಬಿಯವರ ಸಹಾಯಕರಾದರು. ವಾರ್ಡಿನ ಮೂಲೆಯಲ್ಲಿ ಕುಳಿತು ಎಳೆಯ ಮಕ್ಕಳನ್ನು ದೀರ್ಘಕಾಲ ಗಮನಿಸಿದ ಅವರಿಗೆ ಮೂರು ಹಂತಗಳು ಗೋಚರಿಸಿದುವು. ಮೊದಲನೆಯದು ಪ್ರತಿಭಟನೆ: ಮಗು ತಾಯಿಗಾಗಿ ಹಂಬಲಿಸಿ ಅಳುತ್ತದೆ. ಎರಡನೆಯದು ಹತಾಶೆ: ಅಳು ಇಳಿಯುತ್ತದೆ, ಮಗು ಮಂಕಾಗುತ್ತದೆ. ಮೂರನೆಯದರಲ್ಲಿ ಮಗು ಎಲ್ಲರೊಡನೆಯೂ ನಗುತ್ತದೆ, ಉಣ್ಣುತ್ತದೆ, ಆಡುತ್ತದೆ. ತಾಯಿ ಬಂದರೆ ಮಾತ್ರ ಪರಕೀಯಳನ್ನು ಕಂಡಂತೆ ಸುಮ್ಮನಿರುತ್ತದೆ. ಆಸ್ಪತ್ರೆಯವರು ಹೊಂದಾಣಿಕೆಯೆಂದು ಮೆಚ್ಚಿದ್ದ ಸ್ಥಿತಿಯಲ್ಲಿ ರಾಬರ್ಟ್‌ಸನ್ನರು ಬಾಂಧವ್ಯದ ಹಾನಿಯನ್ನು ಕಂಡರು.

ಮಾತಿನಲ್ಲಿ ಹೇಳಿದರೆ ವೈದ್ಯರು ನಂಬಲಿಲ್ಲ. ಆದುದರಿಂದ ಅವರು ಚಲನಚಿತ್ರದ ಮೊರೆಹೊಕ್ಕರು. ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷ ಐದು ತಿಂಗಳ ಹೆಣ್ಣುಮಗುವೊಂದನ್ನು ಚಿತ್ರೀಕರಿಸಿದರು. ತಮಗೆ ಬೇಕಾದ ದೃಶ್ಯಗಳನ್ನೇ ಆರಿಸಿಕೊಂಡರೆಂಬ ಆಕ್ಷೇಪ ಬರಬಾರದೆಂದು, ಗೋಡೆಯ ಗಡಿಯಾರ ಕಾಣುವಂತೆ, ಗೊತ್ತುಪಡಿಸಿದ ವೇಳೆಗಳಲ್ಲಿ ಚಿತ್ರ ತೆಗೆದರು. ಮಗು ರಂಪ ಮಾಡುವುದಿಲ್ಲ. ಬಿಗಿಹಿಡಿದ ಮುಖದಿಂದ ಆಗಾಗ ಅಮ್ಮನನ್ನು ಕೇಳುತ್ತದೆ. ಮನೆಗೆ ಹೊರಟಾಗ ತಾಯಿಯ ಕೈ ಹಿಡಿಯಲು ಒಲ್ಲೆನೆನ್ನುತ್ತದೆ.

1952ರ ನವೆಂಬರಿನಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್ನಿನಲ್ಲಿ ಈ ಚಿತ್ರವನ್ನು ತೋರಿಸಿದಾಗ ನೆರೆದಿದ್ದ ವೈದ್ಯರಲ್ಲಿ ಅನೇಕರು ಸಿಟ್ಟಾದರು. ಇದು ತಮ್ಮ ವೃತ್ತಿಗೆ ಮಾಡಿದ ಅಪಚಾರವೆಂದರು. ಹಾಗೆ ಸಿಟ್ಟಾದವರಲ್ಲಿ ಡಾ. ಡರ್ಮಾಡ್ ಮೆಕಾರ್ಥಿಯವರೂ ಒಬ್ಬರು. ಆದರೆ ತಮ್ಮ ವಾರ್ಡಿಗೆ ಮರಳಿ ಮಕ್ಕಳನ್ನು ಹೊಸ ಕಣ್ಣಿನಿಂದ ನೋಡಿದ ಮೇಲೆ ಅವರ ಅಭಿಪ್ರಾಯ ಬದಲಾಯಿತು. ಅವರು ತಾಯಂದಿರಿಗೂ ವಾರ್ಡಿನಲ್ಲಿ ಎಡೆಮಾಡಿಕೊಟ್ಟರು. ರಾಬರ್ಟ್‌ಸನ್ನರ 1958ರ ಎರಡನೆಯ ಚಿತ್ರ ತಯಾರಾದುದು ಆ ವಾರ್ಡಿನಲ್ಲಿಯೇ. ಮರುವರ್ಷ, 1959ರಲ್ಲಿ, ಪ್ಲ್ಯಾಟ್ ಸಮಿತಿಯು ಭೇಟಿಯ ನಿರ್ಬಂಧವನ್ನು ತೆಗೆಯಬೇಕೆಂದೂ ಎಳೆಮಕ್ಕಳೊಡನೆ ತಾಯಂದಿರನ್ನು ಇರಗೊಡಬೇಕೆಂದೂ ಸರ್ಕಾರಕ್ಕೆ ಸಲಹೆಮಾಡಿತು. ನ್ಯೂಕ್ಯಾಸಲ್ಲಿನಲ್ಲಿ ಜೇಮ್ಸ್ ಸ್ಪೆನ್ಸರು 1920ರ ದಶಕದಲ್ಲಿಯೇ ತಾಯಂದಿರನ್ನು ಶಿಶುಗಳೊಡನೆ ಇರಿಸಿಕೊಂಡಿದ್ದರು. ದಾರಿ ಗೊತ್ತಿದ್ದೂ ಮೂರು ದಶಕಗಳು ಕಳೆದುವೆಂಬುದು ಚಿಂತಿಸತಕ್ಕ ವಿಷಯ.

ಈ ಸಂಶೋಧನೆಯ ತೀರ್ಮಾನಗಳೆಲ್ಲ ಹಾಗೆಯೇ ನಿಂತಿಲ್ಲ. ತಾಯಿಯ ಅಗಲಿಕೆಯನ್ನು ಕುರಿತು ಬೌಲ್ಬಿಯವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯ ಕೆಲವು ಮಾತುಗಳು ಅತಿಯಾದುವೆಂದು, 1972ರಲ್ಲಿ ಮೈಕೇಲ್ ರಟ್ಟರರು ಸಾಧಾರವಾಗಿ ವಾದಿಸಿದರು. ತನ್ನನ್ನು ಬಲ್ಲ ಒಬ್ಬರು ವಾತ್ಸಲ್ಯದಿಂದ ನೋಡಿಕೊಂಡರೆ ಅಗಲಿಕೆಯ ಪೆಟ್ಟು ಬಹುಮಟ್ಟಿಗೆ ತಗ್ಗುವುದೆಂಬುದನ್ನು ರಾಬರ್ಟ್‌ಸನ್ ದಂಪತಿಗಳೇ ಮುಂದಿನ ಚಿತ್ರಗಳಲ್ಲಿ ತೋರಿಸಿದರು. ದುಡಿಯುವ ತಾಯಂದಿರನ್ನು ಹಳಿಯಲು ಈ ಶಾಸ್ತ್ರವನ್ನು ಬಳಸುವವರು ಇದನ್ನು ಮರೆಯಬಾರದು.

ನಮ್ಮ ದೇಶದ ಸಾಮಾನ್ಯ ವಾರ್ಡುಗಳಲ್ಲಿ ಮಗುವಿನ ಮಂಚದ ಬಳಿ ತಾಯಿಯೋ ಅಜ್ಜಿಯೋ ಕುಳಿತಿರುವುದು ವಾಡಿಕೆ. ಆದರೆ ನವಜಾತ ಶಿಶುಗಳ ತೀವ್ರನಿಗಾ ಘಟಕಗಳಲ್ಲಿ ತಾಯಿ ಬಹುಕಾಲ ಹೊರಗಿನವಳೇ ಆಗಿದ್ದಳು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಬಾಗಿಲನ್ನೂ ತೆರೆಯಿತು. ತೀರ ಕಡಮೆ ತೂಕದ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೊರಗಿಸಿ ಇರಿಸಿದಾಗ ಮೊದಲ 28 ದಿನಗಳ ಮರಣ ಪ್ರಮಾಣ ಶೇ. 12.0 ಆಗಿತ್ತು, ಹಳೆಯ ಪದ್ಧತಿಯಲ್ಲಿ ಅದು ಶೇ. 15.7. ಇದು ಭಾವನೆಯ ಲೆಕ್ಕವಲ್ಲ, ಉಳಿವಿನ ಲೆಕ್ಕ. ಆದರೂ ಎರಡು ಕಥೆಗಳಲ್ಲಿಯೂ ತಡೆಯಾಗಿ ನಿಂತದ್ದು ಒಂದೇ: ವ್ಯವಸ್ಥೆಯ ಅನುಕೂಲವನ್ನು ಮಗುವಿನ ಹಿತವೆಂದು ಬಗೆದ ನಮ್ಮ ಅಭ್ಯಾಸ. ಮಗು ಸುಮ್ಮನಾದಾಗ ಸಮಾಧಾನಗೊಳ್ಳುವ ಮುನ್ನ, ಅದು ಏಕೆ ಸುಮ್ಮನಾಯಿತೆಂದು ಹಿರಿಯರು ಒಮ್ಮೆ ಕೇಳಿಕೊಳ್ಳಬೇಕು.