ನ್ಯಾರೋ ಗೇಜ್ ರೈಲುಮಾರ್ಗಗಳ ಸಿಮ್ಯುಲೇಟರ್ ಮಾದರಿಗಳು

ಸ್ಟ್ಯಾಂಡರ್ಡ್ ಗೇಜಿನ 1,435 ಮಿ.ಮೀ.ಗಿಂತ ಕಿರಿದಾದ ಹಳಿಗಳ ಮೇಲೆ ಓಡುವ ರೈಲುಗಳನ್ನು ಅವುಗಳ ಮಾರ್ಗ, ನಿಲ್ದಾಣ, ಎಂಜಿನ್, ಡಬ್ಬಿಗಳ ಸಮೇತ ಕಂಪ್ಯೂಟರಿನ ರೈಲು ಸಿಮ್ಯುಲೇಟರ್‌ನಲ್ಲಿ ಮರಳಿ ಕಟ್ಟುವ ಕೆಲಸ. ಭಾರತದಲ್ಲಿ ಮೀಟರ್ ಗೇಜನ್ನು ಬೇರೆಯಾಗಿ ಎಣಿಸಿ 762 ಮತ್ತು 610 ಮಿ.ಮೀ. ಮಾರ್ಗಗಳನ್ನಷ್ಟೇ ನ್ಯಾರೋ ಗೇಜ್ ಎನ್ನುವುದು ರೂಢಿ. ಯುರೋಪಿನಲ್ಲಿ ಮೀಟರ್ ಗೇಜೂ ಇದರಲ್ಲೇ ಸೇರುತ್ತದೆ. ಇಲ್ಲಿ ಆ ವಿಶಾಲ ಅರ್ಥವನ್ನೇ ಹಿಡಿಯಲಾಗಿದೆ. ಸಿಮ್ಯುಲೇಟರ್‌ಗಳು ಹುಟ್ಟಿದ್ದು ದೊಡ್ಡ ರೈಲಿನ ಲೆಕ್ಕದಲ್ಲಿ. ಅವುಗಳಲ್ಲಿ ಹಳಿಯ ಅಗಲ ಬಹುಕಾಲ ಬರಿಯ ಚಿತ್ರವಾಗಿತ್ತು, ಭೌತಶಾಸ್ತ್ರದ ಲೆಕ್ಕದೊಳಗೆ ಬಂದದ್ದು ತಡವಾಗಿ.

ಇದಕ್ಕೆ ಅಪವಾದವೆಂದರೆ 1990ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಬಿವಿಇ. ಅಲ್ಲಿನ ಸಾಮಾನ್ಯ ರೈಲುಗಳ ಗೇಜೇ 1,067 ಮಿ.ಮೀ., ಹಾಗಾಗಿ ಗೇಜನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗತಿಯಿರಲಿಲ್ಲ. ಬಿವಿಇ ಮತ್ತು ಅದರ ಜಾಡಿನಲ್ಲಿ ಬಂದ ಮುಕ್ತ ತಂತ್ರಾಂಶ ಓಪನ್‌ಬಿವಿಇಗಳಲ್ಲಿ ಮಾರ್ಗವೆಂದರೆ ಒಂದು ಪಠ್ಯ ಕಡತ. ಗೇಜ್ ಎಷ್ಟೆಂದು ಅದರಲ್ಲಿ ಮಿಲಿಮೀಟರಿನಲ್ಲಿ ಬರೆಯಬೇಕು, ಬರೆಯದಿದ್ದರೆ 1,435 ಎಂದೇ ಲೆಕ್ಕ. ತಿರುವಿನಲ್ಲಿ ಹೊರಹಳಿಯನ್ನು 60 ಮಿ.ಮೀ. ಎತ್ತರಿಸಿದರೆ ಸ್ಟ್ಯಾಂಡರ್ಡ್ ಗೇಜಿನ ಗಾಡಿ ಸುಮಾರು 2.4 ಡಿಗ್ರಿ ವಾಲುತ್ತದೆ, 762 ಮಿ.ಮೀ. ಗೇಜಿನದು ಸುಮಾರು 4.5 ಡಿಗ್ರಿ. ಆ ಒಂದು ಸಾಲು ಬರೆಯಲು ಮರೆತವನ ಪುಟ್ಟ ರೈಲು ತಿರುವುಗಳಲ್ಲಿ ಎಕ್ಸ್‌ಪ್ರೆಸ್ಸಿನ ಗತ್ತಿನಲ್ಲಿ ನೆಟ್ಟಗೆ ಹೋಗುತ್ತದೆ. ಕಣ್ಣಿಗೆ ಕಾಣುವ ಹಳಿ ಮಾತ್ರ ಬೇರೆಯೇ ಒಂದು ಮೂರು ಆಯಾಮದ ವಸ್ತು. ಎರಡನ್ನೂ ಹೊಂದಿಸುವ ಹೊಣೆ ಕಟ್ಟುವವನದೇ.

2001ರಲ್ಲಿ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಬಂತು. ಕಟ್ಟಿದ್ದು ಬ್ರಿಟನ್ನಿನ ಕುಜು ಸಂಸ್ಥೆ. ಅದರ ಆರು ಮಾರ್ಗಗಳಲ್ಲಿ ಎರಡು ಜಪಾನಿನವು: ಟೋಕಿಯೊ–ಹಕೋನೆ ಮತ್ತು ಕ್ಯೂಷು ದ್ವೀಪದ ಹಿಸಾತ್ಸು. ಎರಡೂ ವಾಸ್ತವದಲ್ಲಿ 1,067 ಮಿ.ಮೀ. ಮಾರ್ಗಗಳು. ಆದರೆ ಆರಕ್ಕೂ ಇದ್ದದ್ದು ಒಂದೇ ಹಳಿ-ಸಂಗ್ರಹ, ಅದೂ ಸ್ಟ್ಯಾಂಡರ್ಡ್ ಗೇಜಿನದು. ಹಳಿ ಎಂದರೆ ಇಲ್ಲಿ ಸಿದ್ಧ ತುಂಡುಗಳು. ‘ಎ1ಟಿ250ಆರ್10ಡಿ’ ಎಂಬ ಹೆಸರಿನ ತುಂಡು ಒಂಟಿ ಹಳಿಯ, 250 ಮೀಟರ್ ತ್ರಿಜ್ಯದ, 10 ಡಿಗ್ರಿ ತಿರುವು. ಹವ್ಯಾಸಿಗಳು ಬೇಗನೆ ಒಂದು ಗುಟ್ಟು ಕಂಡುಕೊಂಡರು: ಈ ತಂತ್ರಾಂಶದಲ್ಲಿ ಗಾಡಿ ಹಳಿಗಳ ಮೇಲೆ ಓಡುವುದೇ ಇಲ್ಲ. ತುಂಡಿನ ನಡುವೆ ಹಾದುಹೋಗುವ ಕಾಣದ ಗೆರೆಯೊಂದನ್ನು ಅದು ಅನುಸರಿಸುತ್ತದೆ; ಹಳಿ, ಸ್ಲೀಪರ್, ಜಲ್ಲಿ ಎಲ್ಲ ಅಲಂಕಾರ. ಗೆರೆಯನ್ನು ಮುಟ್ಟದೆ ಅಲಂಕಾರ ಬದಲಿಸಿದರೆ ನ್ಯಾರೋ ಗೇಜ್ ಸಿದ್ಧವಾಗುತ್ತಿತ್ತು. ಹಾಗೆ ಕಟ್ಟಿದ ಮಾರ್ಗಗಳು ನೋಡಲು ಚೆಂದವಿದ್ದವು, ಗಾಡಿಯ ನಡತೆ ಮಾತ್ರ ದೊಡ್ಡ ರೈಲಿನದೇ.

ಹಳಿಗಿಂತ ಹೆಚ್ಚು ಕಾಡಿದ್ದು ನೆಲ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನ ಭೂಮಿ 2,048 ಮೀಟರ್ ಬದಿಯ ಚೌಕಗಳಲ್ಲಿ ಹರಡಿತ್ತು, ಎತ್ತರದ ಬಿಂದುಗಳು 8 ಮೀಟರಿಗೊಂದು. ಬಯಲುಸೀಮೆಯ ಮುಖ್ಯಮಾರ್ಗಕ್ಕೆ ಇದು ಧಾರಾಳ. 1879ರಿಂದ 1881ರ ನಡುವೆ ಕಟ್ಟಿದ ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆಯನ್ನು ತೆಗೆದುಕೊಂಡರೆ ಕಷ್ಟ ತಿಳಿಯುತ್ತದೆ. ಗೇಜ್ 610 ಮಿ.ಮೀ.; ಬೆಟ್ಟದ ಪಕ್ಕೆಯಲ್ಲಿ ಕಡಿದ ಕೆಲವೇ ಮೀಟರ್ ಅಗಲದ ಅಂಚಿನ ಮೇಲೆ, ಬಹಳ ಕಡೆ ರಸ್ತೆಗೆ ಅಂಟಿಕೊಂಡು, ಅದು 2,258 ಮೀಟರ್ ಎತ್ತರದ ಘೂಮ್ ನಿಲ್ದಾಣಕ್ಕೆ ಏರುತ್ತದೆ. ಅಷ್ಟು ಕಿರಿದಾದ ಅಂಚು 8 ಮೀಟರಿನ ಜಾಲರಿಯ ಎರಡು ಬಿಂದುಗಳ ನಡುವೆ ಕಳೆದೇಹೋಗುತ್ತದೆ. ಒಂದೋ ಗುಡ್ಡ ಹಳಿಯ ಮೇಲೆ ಬಂದು ಕೂರುತ್ತದೆ, ಇಲ್ಲವೇ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ಗಾಳಿಯಲ್ಲಿ ತೇಲುತ್ತದೆ. ತಡೆಗೋಡೆ, ಬಂಡೆ, ಪೊದೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಇದನ್ನು ಮುಚ್ಚುವುದೇ ಉಪಾಯ. ಎತ್ತರದ ಮಾಹಿತಿಯೂ ಒರಟಾಗಿತ್ತು. ಫೆಬ್ರುವರಿ 2000ರ ಬಾಹ್ಯಾಕಾಶ ನೌಕೆಯ ರೇಡಾರ್ ಅಳತೆ ಅಮೆರಿಕದ ಹೊರಗಿನ ದೇಶಗಳಿಗೆ ಮೊದಲು ಸುಮಾರು 90 ಮೀಟರಿನ ಅಂತರದಲ್ಲಷ್ಟೇ ಸಿಕ್ಕಿತು, 30 ಮೀಟರಿನದು ಬಿಡುಗಡೆಯಾಗತೊಡಗಿದ್ದು 2014ರಲ್ಲಿ. ಡಾರ್ಜಿಲಿಂಗಿನಲ್ಲಿ ಎಂಜಿನ್ನಿನ ಮೂತಿಯ ಮೇಲೆ ಇಬ್ಬರು ಕುಳಿತು ಚಕ್ರ ಜಾರದಂತೆ ಹಳಿಗೆ ಕೈಯಿಂದ ಮರಳು ಉದುರಿಸುವ ಪದ್ಧತಿಯಿದೆ. ಸಿಮ್ಯುಲೇಟರ್‌ಗಳಲ್ಲಿ ಆ ಇಬ್ಬರ ದುಡಿಮೆ ಕೀಲಿಮಣೆಯ ಒಂದು ಗುಂಡಿ.

2001ರ ಕೊನೆಯಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನ ಆರನ್ ಸಂಸ್ಥೆ ಹೊರತಂದ ಟ್ರೇನ್ಜ್ ಬೇರೆ ದಾರಿ ಹಿಡಿಯಿತು. ಅಲ್ಲಿ ಸಿದ್ಧ ತುಂಡುಗಳಿಲ್ಲ. ನೆಲದ ಮೇಲೆ ಎರಡು ಬಿಂದು ಗುರುತಿಸಿದರೆ ನಡುವೆ ಹಳಿ ತಾನೇ ಬಾಗಿ ಹಾಸಿಕೊಳ್ಳುತ್ತದೆ. ಯಾವ ಅಗಲದ ಹಳಿಯನ್ನಾದರೂ ಹೀಗೆ ಎಳೆಯಬಹುದು, ಎಷ್ಟು ಬಿಗಿಯಾಗಿ ಬೇಕಾದರೂ ತಿರುಗಿಸಬಹುದು. ಮಾದರಿ ತಯಾರಿಸಲು ಜಿಮ್ಯಾಕ್ಸ್ ಎಂಬ ಉಚಿತ ತಂತ್ರಾಂಶವೂ ಜೊತೆಗೆ ದೊರೆತದ್ದರಿಂದ ನ್ಯಾರೋ ಗೇಜಿನವರಿಗೆ ಇದು ಹೆಚ್ಚು ಒಗ್ಗಿತು. ತೊಡಕು ಎದ್ದದ್ದು ಮೂರು ಹಳಿಯ ಮಿಶ್ರ ಗೇಜಿನಲ್ಲಿ. ಕೊಲೊರಾಡೊದ ಅಲಮೋಸಾದಿಂದ ಆಂಟೊನಿಟೊವರೆಗೆ 1,435 ಮತ್ತು 914 ಮಿ.ಮೀ. ಗಾಡಿಗಳು ಒಂದು ಹಳಿಯನ್ನು ಹಂಚಿಕೊಂಡು ಓಡುತ್ತಿದ್ದವು. ಆಗ ಎರಡರ ನಡುಗೆರೆಗಳ ಮಧ್ಯೆ ಸುಮಾರು 260 ಮಿ.ಮೀ. ವ್ಯತ್ಯಾಸ ಬರುತ್ತದೆ. ಇರುವ ಒಂದೇ ಗೆರೆಯ ಮೇಲೆ ಎರಡನ್ನೂ ಓಡಿಸಬೇಕಾದರೆ ಒಂದು ಗಾಡಿಯ ಆಕಾರವನ್ನಾದರೂ ಅಷ್ಟು ಪಕ್ಕಕ್ಕೆ ಸರಿಸಿಯೇ ಮಾಡಬೇಕು.

ಎಂಜಿನ್ನುಗಳ ಕತೆಯೂ ಸರಳವಲ್ಲ. ಕಿರಿದಾದ ಹಳಿಯ ಮೇಲೆ ಹೆಚ್ಚು ಭಾರ ಎಳೆಯಲು ಎಂಜಿನಿಯರುಗಳು ಮಧ್ಯದಲ್ಲಿ ಬಾಗುವ ಎಂಜಿನ್ನುಗಳನ್ನು ಮಾಡಿದ್ದರು: ವೇಲ್ಸಿನ ಫೆಸ್ಟಿನಿಯೋಗ್ ರೈಲ್ವೆಯಲ್ಲಿ 1869ರಲ್ಲಿ ಹೆಸರಾದ ಎರಡು ಮೂತಿಯ ಫೇರ್ಲಿ, 1909ರಲ್ಲಿ ಟಾಸ್ಮೇನಿಯಕ್ಕೆ ಹೋದ ಮೊದಲ ಗ್ಯಾರೆಟ್. ಇವುಗಳ ಚಕ್ರ, ಸಂಪರ್ಕದಂಡಗಳೆಲ್ಲ ತಿರುಗುವ ಚೌಕಟ್ಟಿನ ಜೊತೆಗೇ ಹೊರಳಬೇಕು. ದೇಹಕ್ಕೆ ಭದ್ರವಾಗಿ ಕೂತ ಚಕ್ರಗಳ ಎಂಜಿನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡ ಸಿಮ್ಯುಲೇಟರಿನಲ್ಲಿ ಭಾಗಗಳ ತಾಯಿ–ಮಗು ಸಂಬಂಧವನ್ನು ಒಂದಿಷ್ಟು ತಪ್ಪಾಗಿ ಹೆಣೆದರೂ ದಂಡ ಒಂದು ಕಡೆ, ಚಕ್ರ ಇನ್ನೊಂದು ಕಡೆ ತಿರುಗುತ್ತವೆ.

ಗೇಜ್ ಲೆಕ್ಕದೊಳಗೆ ಬಂದದ್ದು ಓಪನ್ ರೈಲ್ಸ್‌ನಿಂದ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನ ಹಳೆಯ ಮಾರ್ಗ, ಗಾಡಿಗಳನ್ನೇ ಓದಿ ಓಡಿಸುವ ಈ ಮುಕ್ತ ತಂತ್ರಾಂಶದ 1.0 ಆವೃತ್ತಿ 2015ರಲ್ಲಿ ಹೊರಬಂತು. ಇಲ್ಲಿ ಗಾಡಿಯ ಕಡತದಲ್ಲಿ ಗೇಜ್, ಗುರುತ್ವಕೇಂದ್ರದ ಎತ್ತರ, ಬಾಗದ ಚಕ್ರಗಳ ನಡುವಿನ ಅಂತರ ಇವನ್ನು ನಮೂದಿಸಬಹುದು. ತಿರುವಿನಲ್ಲಿ ಎದುರಾಗುವ ತಡೆ ಎಷ್ಟು, ಯಾವ ವೇಗದಲ್ಲಿ ಗಾಡಿ ಮಗುಚೀತು ಎಂಬುದನ್ನು ಅದು ಇವುಗಳಿಂದ ಲೆಕ್ಕ ಹಾಕುತ್ತದೆ. ಬಾಗಿಸಿ ಹಾಸುವ ಹಳಿಗೆ ತನಗೆ ಬೇಕಾದ ಅಡ್ಡಕೊಯ್ತದ ಆಕಾರ ಕೊಡಲೂ ಅವಕಾಶವಿದೆ. ಹದಿನಾಲ್ಕು ವರ್ಷ ಅಲಂಕಾರದ ಮಟ್ಟದಲ್ಲಿದ್ದ ವಿಷಯ ಕೊನೆಗೂ ಚಾಲಕನ ಕೈಗೆ ತಾಗುವಂತಾಯಿತು. ಈ ಕ್ಷೇತ್ರದಲ್ಲಿ ಚಿತ್ರದ ನುಣುಪಿಗಿಂತ ದೊಡ್ಡ ಹೆಜ್ಜೆ ಇದೇ.

ವಾಣಿಜ್ಯ ಕಂಪನಿಗಳು ಆರಿಸಿದ್ದು ಹೆಚ್ಚಾಗಿ ಪ್ರವಾಸಿಗರ ಕಣ್ಣಿಗೆ ಬಿದ್ದ ಮಾರ್ಗಗಳನ್ನು. ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆಯ ಮೀಟರ್ ಗೇಜ್ ಮಾರ್ಗಗಳು ಅವುಗಳಿಗೆ ಮೆಚ್ಚಿನವು; 1914ರಲ್ಲಿ ತೆರೆದ ಆರೋಸಾ ಮಾರ್ಗ, ಕಣಿವೆಯಿಂದ 62 ಮೀಟರ್ ಎತ್ತರದ ಲಾಂಗ್‌ವೀಸ್ ಕಾಂಕ್ರೀಟ್ ಸೇತುವೆಯ ಸಮೇತ, ಟ್ರೈನ್ ಸಿಮ್ ವರ್ಲ್ಡ್ 2ರಲ್ಲಿ ಬಂತು.

ಅಳಿದ ಮಾರ್ಗಗಳನ್ನು ಎತ್ತಿಕೊಂಡವರು ಮುಖ್ಯವಾಗಿ ಹವ್ಯಾಸಿಗಳು. ಅಂಥ ಕೆಲಸದಲ್ಲಿ ಹೆಚ್ಚಿನ ಸಮಯ ಹೋಗುವುದು ಹಳೆಯ ಭೂಪಟ, ಎಂಜಿನ್ನಿನ ನಕ್ಷೆ, ಮಸುಕು ಫೋಟೊಗಳ ಹುಡುಕಾಟಕ್ಕೆ. ಇಂಗ್ಲೆಂಡಿನ ಲೀಕ್ ಅಂಡ್ ಮ್ಯಾನಿಫೋಲ್ಡ್ ಮಾರ್ಗ (1904–1934) ಇದಕ್ಕೆ ಒಳ್ಳೆಯ ಉದಾಹರಣೆ. ಮಹಾರಾಷ್ಟ್ರದ ಬಾರ್ಸಿ ಲೈಟ್ ರೈಲ್ವೆಯನ್ನು ಕಟ್ಟಿದ ಎವರಾರ್ಡ್ ಕಾಲ್ಥ್ರಾಪ್ ಅವರೇ ಅದರ ಎಂಜಿನಿಯರ್, ಎರಡರ ಗೇಜೂ 762 ಮಿ.ಮೀ. ದೊಡ್ಡ ಗೇಜಿನ ವ್ಯಾಗನ್ನನ್ನೇ ಹೊತ್ತು ಸಾಗುವ ತಗ್ಗು ಗಾಡಿಗಳು ಅಲ್ಲಿದ್ದವು; ಗಾಡಿಯ ಮೇಲೆ ಗಾಡಿ ಎಂಬ ಕಲ್ಪನೆಯೇ ಇಲ್ಲದ ಸಿಮ್ಯುಲೇಟರಿನಲ್ಲಿ ಮೇಲಿನ ವ್ಯಾಗನ್ನನ್ನು ಸರಕೆಂದು ತೋರಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ–ಕೋಲಾರ ಮಾರ್ಗವೂ ಇದೇ 762 ಮಿ.ಮೀ. ಗೇಜಿನದಾಗಿತ್ತು. ಅದು ಈಗ ಬ್ರಾಡ್ ಗೇಜಾಗಿದೆ. ದೇವನಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಹಳೆಯ ನಿಲ್ದಾಣದ ಕಟ್ಟಡಗಳು ಇನ್ನೂ ನಿಂತಿರುವುದರಿಂದ ಗೋಡೆ, ಮಾಡು, ಪ್ಲಾಟ್‌ಫಾರಂಗಳ ಅಳತೆಗಳನ್ನು ಸ್ಥಳದಲ್ಲೇ ತೆಗೆಯಬಹುದು. ಹಳಿಯ ಜೋಡಣೆ, ಪಾಯಿಂಟುಗಳ ಜಾಗಕ್ಕೆ ಮಾತ್ರ ಹಳೆಯ ನಕ್ಷೆಗಳೇ ಆಧಾರ.