ಬಾವಿ, ಹಗ್ಗ, ಪರಿಧಿ: ಸಿಲಿಂಡರಿನ ಅಳತೆಯ ಚರಿತ್ರೆಗೊಂದು ಟಿಪ್ಪಣಿ

ಮೂಡಲಗಿ ಸೀಮೆಗೆ ಹೊಂದಿಕೊಂಡೇ ರಾಯಬಾಗವಿದೆ. ಕನ್ನಡದಲ್ಲಿ ಗಣಿತಗ್ರಂಥ ಬರೆದ ಮೊದಲಿಗನೆಂದು ಹೆಸರಾದ ರಾಜಾದಿತ್ಯನ ಊರು ಪೂವಿನಬಾಗೆ. ವಿದ್ವಾಂಸರು ಅದನ್ನು ಇಂದಿನ ರಾಯಬಾಗವೆಂದು ಗುರುತಿಸುತ್ತಾರೆ. 12ನೆಯ ಶತಮಾನದ ಈ ಜೈನ ಕವಿ ತನ್ನ ಒಂದು ಕೃತಿಗೆ ‘ವ್ಯವಹಾರಗಣಿತ’ ಎಂದೇ ಹೆಸರಿಟ್ಟ. ಆ ಹೆಸರು ನಮಗೊಂದು ದಾರಿ ತೋರುತ್ತದೆ. ಸಿಲಿಂಡರ್ ಇಲ್ಲಿ ಪುಸ್ತಕದ ಆಕೃತಿಯಾಗುವ ಮೊದಲು ಬಾವಿಯಾಗಿತ್ತು, ಧಾನ್ಯ ಅಳೆಯುವ ಕೊಳಗವಾಗಿತ್ತು.

ಕೊಳಗಕ್ಕೆ ಸೂತ್ರ ಬೇಕಿರಲಿಲ್ಲ. ತುಂಬಿ ಸುರುವಿದರೆ ಮುಗಿಯಿತು. ಬಾವಿಯನ್ನು ಹಾಗೆ ಸುರುವಿ ನೋಡಲಾಗದು; ಅಗೆದ ಮಣ್ಣಿಗೆ ಕೂಲಿ ಕೊಡಬೇಕು. ಆದ್ದರಿಂದಲೇ ಸಂಸ್ಕೃತ ಗಣಿತಗ್ರಂಥಗಳಲ್ಲಿ ಘನಫಲದ ಚರ್ಚೆ ‘ಖಾತವ್ಯವಹಾರ’ ಎಂಬ ಅಗೆತದ ಅಧ್ಯಾಯದಲ್ಲಿ ಬರುತ್ತದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲೂ (ಸುಮಾರು ಕ್ರಿ.ಶ. 850) ಹೀಗೆಯೇ. ಬಾಯಿಯ ಕ್ಷೇತ್ರಫಲವನ್ನು ಆಳದಿಂದ ಗುಣಿಸಬೇಕು. ತೊಡಕಿರುವುದು ಕ್ಷೇತ್ರಫಲದಲ್ಲಿ. ವ್ಯಾಸದಿಂದ ಪರಿಧಿ ಪಡೆಯಲು ಮಹಾವೀರ ಸ್ಥೂಲಕ್ಕೆ 3, ಸೂಕ್ಷ್ಮಕ್ಕೆ 10ರ ವರ್ಗಮೂಲ ಎನ್ನುತ್ತಾನೆ.

ಇದನ್ನು ನಮ್ಮ ಕಡೆಯ ಬ್ರಾಸ್ ಲೆಕ್ಕಕ್ಕೆ ಇಳಿಸೋಣ. ಒಂದು ಬ್ರಾಸ್ ಎಂದರೆ 100 ಘನ ಅಡಿ. 20 ಅಡಿ ವ್ಯಾಸ, 40 ಅಡಿ ಆಳದ ಬಾವಿಯಲ್ಲಿ ನಿಜಕ್ಕೂ ಏಳುವ ಮಣ್ಣು ಸುಮಾರು 125.7 ಬ್ರಾಸ್. 3 ಹಿಡಿದರೆ 120. ತೋಡಿದವನಿಗೆ ಐದೂವರೆ ಬ್ರಾಸಿಗೂ ಮಿಕ್ಕಿ ಕೂಲಿ ಖೋತಾ. 10ರ ವರ್ಗಮೂಲ ಹಿಡಿದರೆ 126.5, ಈಗ ಹೊಲದ ಯಜಮಾನನಿಗೆ ಮುಕ್ಕಾಲು ಬ್ರಾಸಿಗಿಂತ ತುಸು ಹೆಚ್ಚು ಹೊರೆ. ‘ಸ್ಥೂಲ’ ಎಂಬ ಸೌಮ್ಯ ಪದದ ಹಿಂದೆ ಯಾರದೋ ಬೆವರು ಲೆಕ್ಕಕ್ಕೆ ಸಿಗದೆ ಹೋಗುತ್ತದೆಂಬುದನ್ನು ಗಣಿತದ ಚರಿತ್ರೆಕಾರರು ಅಷ್ಟಾಗಿ ಗಮನಿಸಿಲ್ಲ ಎಂದೇ ನನ್ನ ಅನಿಸಿಕೆ.

ಬಾವಿ ಕೆಳಗಿಳಿದಂತೆ ಕಿರಿದಾಗುವುದುಂಟು. ಬ್ರಹ್ಮಗುಪ್ತ (ಕ್ರಿ.ಶ. 628) ಕೊಟ್ಟಿದ್ದ ಉಪಾಯವನ್ನು ಮಹಾವೀರ ಕರ್ಮಾಂತಿಕ, ಔಂಡ್ರ ಎಂಬ ಹೆಸರುಗಳಲ್ಲಿ ಹೇಳುತ್ತಾನೆ. ಮೇಲಿನ, ತಳದ ಅಳತೆಗಳ ಸರಾಸರಿಯಿಂದ ಬಂದ ಫಲ ಕರ್ಮಾಂತಿಕ. ಎರಡು ಕ್ಷೇತ್ರಫಲಗಳ ಸರಾಸರಿಯಿಂದ ಬಂದದ್ದು ಔಂಡ್ರ. ಇವೆರಡರ ವ್ಯತ್ಯಾಸದ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ. ಮೇಲೆ 10, ತಳದಲ್ಲಿ 6 ತ್ರಿಜ್ಯ ಹಿಡಿದು, ಪೈಯನ್ನೂ ಆಳವನ್ನೂ ಬದಿಗಿಟ್ಟು ನೋಡಿ: 64, 68, ಕೊನೆಗೆ 65⅓. ಇಂದಿನ ಸೂತ್ರವೂ ಅಷ್ಟೇ ಕೊಡುತ್ತದೆ.

ಮೇಲ್ಮೈಯ ಮಾತು ಬೇರೆ. ಬಾವಿಗೆ ಕಲ್ಲು ಕಟ್ಟುವವನಿಗೆ ಬಾಯಿಯ ಸುತ್ತ ಒಂದು ಹಗ್ಗ ಸಾಕು. ಹಗ್ಗದ ಉದ್ದ ಗುಣಿಸು ಆಳ, ಅಷ್ಟೇ. ಪೈ ಎಂಬುದರ ಸುಳಿವೇ ಬೇಡ. ಭಾಸ್ಕರಾಚಾರ್ಯನ ‘ಲೀಲಾವತಿ’ (1150) ವೃತ್ತದ ಕ್ಷೇತ್ರಫಲವನ್ನೂ ಪರಿಧಿ ಗುಣಿಸು ವ್ಯಾಸದ ಕಾಲುಭಾಗ ಎನ್ನುತ್ತದೆ. ಹಗ್ಗವೂ ಕೋಲೂ ಕೈಯಲ್ಲಿದ್ದರೆ ಘನಫಲಕ್ಕೂ ಪೈ ಬೇಕಿಲ್ಲ. ಪೈಗೆ ಅವನು ಕೊಡುವ ಸೂಕ್ಷ್ಮ ಬೆಲೆ 3927/1250 ಬೇಕಾಗುವುದು ಬಾವಿ ತೋಡುವ ಮೊದಲು, ವ್ಯಾಸ ಮಾತ್ರ ಗೊತ್ತಿದ್ದು ಕೂಲಿ ಮಾತಾಡುವಾಗ. ಆಗಲೂ ಗೋಡೆಯ ದಪ್ಪ ಮರೆತರೆ ಪೈಯ ಸೂಕ್ಷ್ಮ ನೀರಿಗೆ ಬಿದ್ದಂತೆ. ಒಂದೂವರೆ ಅಡಿ ಗೋಡೆಗಾಗಿ ನಮ್ಮ ಬಾವಿಯನ್ನು 23 ಅಡಿ ಅಗಲ ತೋಡಬೇಕು. ಮಣ್ಣು 166 ಬ್ರಾಸಿಗೆ ಏರುತ್ತದೆ.

ಬಾವಿಯ ಗೋಡೆಗೆ ಗೋಳದೊಡನೆಯೂ ನಂಟಿದೆ. ಗೋಳದ ಹೊರಮೈಗೆ ಭಾಸ್ಕರ ಕೊಡುವ ಬೆಲೆ ವೃತ್ತಫಲದ ನಾಲ್ಕರಷ್ಟು, ಅಂದರೆ ಪರಿಧಿ ಗುಣಿಸು ವ್ಯಾಸ. ತನಗಿಂತ ಹಿಂದಿನ ಲಲ್ಲ ಇದಕ್ಕೆ ಕೊಟ್ಟ ತಪ್ಪು ಲೆಕ್ಕವನ್ನು ತನ್ನ ‘ಗೋಲಾಧ್ಯಾಯ’ದಲ್ಲಿ ಅವನು ಖಂಡಿಸಿಯೂ ಇದ್ದಾನೆ. ವ್ಯಾಸದಷ್ಟೇ ಆಳದ ಬಾವಿಯ ಒಳಗೋಡೆಯ ಅಳತೆಯೂ ಪರಿಧಿ ಗುಣಿಸು ವ್ಯಾಸವೇ. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಗೋಳವನ್ನು ಸಿಲಿಂಡರಿನೊಳಗಿಟ್ಟು ಕಂಡ ಸಂಬಂಧವಿದು. ‘ಲೀಲಾವತಿ’ಯಲ್ಲಿ ಮಾತ್ರ ಅದು ಬಲೆ ಹೊದ್ದ ಚೆಂಡು.