ಜಾತಕದ ಜೊತೆ ಹೋದ ಫೋಟೊ

ಕುವೆಂಪುನಗರದ ನಮ್ಮ ಮನೆಯಲ್ಲಿ ಎರಡು ಆಲ್ಬಂಗಳಿದ್ದವು. ಮದುವೆಯ ದಪ್ಪ ಆಲ್ಬಂ ನಡುಮನೆಯ ಷೋಕೇಸಿನಲ್ಲಿರುತ್ತಿತ್ತು. ಬಂದವರಿಗೆಲ್ಲ ಕಾಫಿಯ ಜೊತೆ ಅದನ್ನೂ ಕೊಡುವುದು ವಾಡಿಕೆ. ಇನ್ನೊಂದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಇತ್ತು. ಅಮ್ಮನ ಸೀಮಂತ, ಗೆಳತಿಯರೊಡನೆ ಕನ್ನಂಬಾಡಿಗೆ ಹೋದ ದಿನ, ಇಂಥವು ಅದರಲ್ಲಿ. ಚಿಕ್ಕಮ್ಮನೋ ಆಪ್ತ ಗೆಳತಿಯೋ ಬಂದಾಗ ಮಾತ್ರ ಅದು ಹೊರಬರುತ್ತಿತ್ತು. ಪುಟ ತಿರುಗಿಸುತ್ತಿದ್ದವಳು ಅಮ್ಮನೇ.

ಆದರೆ ಕೆಲವು ಫೋಟೊಗಳು ಮನೆ ದಾಟಲೇಬೇಕಿತ್ತು. ಮದುವೆಗೆ ಬಂದ ಹುಡುಗಿಯನ್ನು ಸ್ಟುಡಿಯೋಗೆ ಕರೆದೊಯ್ದು ತೆಗೆಸಿದ ಚಿತ್ರ ಜಾತಕದ ಜೊತೆ ಗಂಡಿನ ಮನೆಗೆ ಹೋಗುತ್ತಿತ್ತು. ಸಂಬಂಧ ಕೂಡಿಬರದಿದ್ದರೆ ಎರಡನ್ನೂ ವಾಪಸು ಕಳಿಸುವುದು ಮರ್ಯಾದೆ. ಬಾರದಿದ್ದರೆ ತಾತ ಕಾಗದ ಬರೆದು ಕೇಳುತ್ತಿದ್ದರು. ಈ ಏರ್ಪಾಡಿನಲ್ಲಿ ಒಂದು ಒಳ್ಳೆಯದಿತ್ತು: ಹೋದ ಚಿತ್ರ ಹಿಂದಿರುಗಬಹುದಿತ್ತು. ಒಂದು ಕೊರತೆಯೂ ಇತ್ತು: ಯಾರಿಗೆ ಕಳಿಸಬೇಕೆಂದು ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ.

ಅಂತರ್ಜಾಲ ಈ ಎರಡನ್ನೂ ತಿರುವುಮುರುವು ಮಾಡಿತು. 2004ರಲ್ಲಿ ಬಂದ ಫ್ಲಿಕರ್ ತಾಣ, ಒಂದೊಂದು ಚಿತ್ರವನ್ನೂ ಮನೆಯವರಿಗೋ ಗೆಳೆಯರಿಗೋ ಎಲ್ಲರಿಗೋ ಎಂದು ವಿಂಗಡಿಸುವ ಅವಕಾಶ ಕೊಟ್ಟಿತು. ಅದೇ ವರ್ಷ ಶುರುವಾದ ಆರ್ಕುಟ್ ನಮ್ಮ ಕಾಲೇಜು ಹುಡುಗ ಹುಡುಗಿಯರನ್ನು ಸೈಬರ್ ಕೆಫೆಗಳಿಗೆ ಎಳೆಯಿತು. 2011ರಲ್ಲಿ ಗೂಗಲ್ ಪ್ಲಸ್ ಪರಿಚಿತರನ್ನು 'ಸರ್ಕಲ್'ಗಳಾಗಿ ಹಂಚಿಕೊಳ್ಳಿ ಎಂದಿತು. 2018ರಲ್ಲಿ ಇನ್‌ಸ್ಟಾಗ್ರಾಂ 'ಕ್ಲೋಸ್ ಫ್ರೆಂಡ್ಸ್' ಪಟ್ಟಿ ತಂದಿತು. ಬೀರುವಿನ ಕೀಲಿಕೈ ಕೊನೆಗೂ ಹುಡುಗಿಯ ಕೈಗೇ ಬಂತು. ಇದು ಸಣ್ಣ ಸಂಗತಿಯಲ್ಲ.

ಆದರೆ ಪಟ್ಟಿ ನಿರ್ಧರಿಸುವುದು ಮೊದಲು ನೋಡುವವರನ್ನು ಮಾತ್ರ. ಅವರಿಂದ ಮುಂದೆ ನೋಡುವವರು ಅದರ ಹಿಡಿತದಲ್ಲಿಲ್ಲ. ಹತ್ತು ಜನರಿಗೆ ಕಳಿಸಿದ ಚಿತ್ರ ಹತ್ತು ಫೋನುಗಳಲ್ಲಿ ಹತ್ತು ಪ್ರತಿಯಾಗುತ್ತದೆ. ವಾಪಸು ಕಳಿಸಲು ಲಕೋಟೆಯೇ ಇಲ್ಲ. 2021ರಲ್ಲಿ ವಾಟ್ಸಾಪ್ ತಂದ, ಒಮ್ಮೆ ನೋಡಿದರೆ ಮಾಯವಾಗುವ ಫೋಟೊ ಒಂದರ್ಥದಲ್ಲಿ ಆ ಹಳೆಯ ಲಕೋಟೆಯನ್ನು ಮರಳಿ ತರುವ ಯತ್ನ. ಪಕ್ಕದ ಇನ್ನೊಂದು ಫೋನು ಪರದೆಯ ಚಿತ್ರ ತೆಗೆದರೆ ಅದೂ ಸೋತಂತೆ.

ಕಾನೂನು ನಿಧಾನವಾಗಿ ಬಂತು. 2013ರ ತಿದ್ದುಪಡಿಯಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 354ಸಿ ಕಲಮಿನ ವಿವರಣೆಯೊಂದು ಮುಖ್ಯ: ಮಹಿಳೆ ತನ್ನ ಖಾಸಗಿ ಕ್ಷಣದ ಚಿತ್ರ ತೆಗೆಯಲು ಒಪ್ಪಿದ್ದರೂ, ಮೂರನೆಯವರಿಗೆ ಹಂಚಲು ಒಪ್ಪದಿದ್ದರೆ ಹಂಚುವುದು ಅಪರಾಧ. ಈಗ ಇದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿದೆ. ಒಮ್ಮೆ ತೋರಿಸಿದ ಮೇಲೆ ಇನ್ನೇನು ಗುಟ್ಟು ಎನ್ನುವ ಮಾತಿಗೆ ಇದು ನೇರ ಉತ್ತರ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಕೋರ್ಟಿಗೆ ಹೋದದ್ದು ಆಧಾರ್ ವಿಚಾರಕ್ಕೆ. ಸಿಕ್ಕ ಹಕ್ಕು ಬೀರುವಿನ ಆಲ್ಬಮ್ಮಿಗೂ ಸಲ್ಲುತ್ತದೆ.

ಹೋದ ತಿಂಗಳು ತಂಗಿಯ ಮಗಳು ತನ್ನ ಪಟ್ಟಿ ತಿದ್ದುತ್ತ ಕೂತಿದ್ದಳು. ಮಾತು ಬಿಟ್ಟ ಗೆಳತಿಯೊಬ್ಬಳನ್ನು ತೆಗೆದುಹಾಕಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳಿಗೇ ಒಂದು ಸಂದೇಶ ಕಳಿಸಿದಳು: 'ನನ್ನ ಹಳೇ ಫೋಟೊ ಎಲ್ಲ ಅಳಿಸಿಬಿಡೇ, ಪ್ಲೀಸ್.'

ತಾತ ಬರೆಯುತ್ತಿದ್ದ ಕಾಗದ ನೆನಪಾಯಿತು. ಒಂದೇ ವ್ಯತ್ಯಾಸ, ಇದನ್ನು ಬರೆದವಳು ಫೋಟೊದಲ್ಲಿರುವ ಹುಡುಗಿಯೇ. 'ಆಯ್ತು ಕಣೇ' ಎಂದು ಉತ್ತರ ಬಂತು. ನಿಜಕ್ಕೂ ಅಳಿಸಿದಳೇ ಎಂದು ತಿಳಿಯಲು ದಾರಿಯಿಲ್ಲ. ನಂಬಿದಳು.